ಸಾರ್ವಜನಿಕರ ಸುರಕ್ಷತೆಗಾಗಿ

ಖಾಸಗಿ ಕಂಪನಿಯೊಂದರ ರಾಕೆಟ್ ಉಡಾವಣಾ ಕೇಂದ್ರದಲ್ಲಿ, ತಪಾಸಣೆಯ ಮೇಜಿನ ಬಳಿ ಭದ್ರತಾ ಅಧಿಕಾರಿ ತಫೋಯಾ, ವರ್ಲಿನ್ ಸ್ಟ್ರೌಡನ ಜೇಬಿನಲ್ಲಿದ್ದ ಕಿರುಬೆರಳುದ್ದದ ಚಾಕು ತೆಗೆದು ತಟ್ಟೆಗೆ ಹಾಕಿದಳು. "ಚಾಕು, ಪಿಸ್ತೂಲು, ಪಟಾಕಿ ಯಾವುದೂ ಬಾಹ್ಯಾಕಾಶಕ್ಕೆ ತಗೊಂಡು ಹೋಗೋ ಹಾಗಿಲ್ಲ, ಸರ್. ಸರ್ಕಾರದ ನಿಯಮ."

"ಇರಬೇಕಾದ್ದೇ," ಎಂದ ವರ್ಲಿನ್. ಟೆಕ್ಸಸ್‌ನಲ್ಲಿ ಮೂವತ್ತೊಂದು ವರ್ಷ ಲಿಫ್ಟ್ ಇನ್‌ಸ್ಪೆಕ್ಟರ್ ಆಗಿದ್ದವನಿಗೆ ನಿಯಮವೆಂದರೆ ಅಕ್ಕರೆ. ಒಂದು ಬೋಲ್ಟ್ ಕಮ್ಮಿಯಿದೆಯೆಂದು ಕೋರ್ಟಿನ ಲಿಫ್ಟಿಗೆ ಬೀಗ ಜಡಿಸಿ, ಜಡ್ಜನ್ನೇ ನಾಲ್ಕು ಮಹಡಿ ಹತ್ತಿಸಿದ್ದ. ಬಾಹ್ಯಾಕಾಶ ಮುಟ್ಟಿ ಕೆಲವೇ ನಿಮಿಷದಲ್ಲಿ ಮರಳುವ ರಾಕೆಟ್ಟಿನ ಈ ಎರಡು ಸೀಟು ಊರಿನ ಲೈಬ್ರರಿಯವರ ಲಾಟರಿಯಲ್ಲಿ ಹೆಂಡತಿ ಡೋರೀನಳಿಗೆ ಬಂದಿದ್ದವು. ಮೂರು ದಿನದ ತರಬೇತಿ ಮುಗಿಸಿ, ಇಬ್ಬರೂ ನೀಲಿ ದಿರಿಸು ತೊಟ್ಟು ನಿಂತಿದ್ದರು.

ತಫೋಯಾ ಇಬ್ಬರ ಮುಂದೆಯೂ ಒಂದೊಂದು ಕಾಗದ ಇಟ್ಟಳು. ವರ್ಲಿನ್ ಕನ್ನಡಕ ಹಾಕಿಕೊಂಡು ಓದಿದ: ಈ ವಾಹನ ಸುರಕ್ಷಿತವೆಂದು ಅಮೆರಿಕ ಸರ್ಕಾರ ಪ್ರಮಾಣೀಕರಿಸಿಲ್ಲ ಎಂಬುದು ನನಗೆ ತಿಳಿದಿದೆ.

"ಹಾಗಾದ್ರೆ ಇದನ್ನ ಪರೀಕ್ಷೆ ಮಾಡಿದೋರು ಯಾರು?"

"ಕಂಪನಿಯವರೇ."

"ಸರ್ಕಾರದೋರು?"

"ರಾಕೆಟ್ ಬಿದ್ರೆ ಕೆಳಗಿರೋರಿಗೆ ಏನೂ ಆಗಬಾರ್ದು, ಅದನ್ನ ನೋಡ್ತಾರೆ. ಒಳಗೆ ಕೂತೋರ ವಿಷಯಕ್ಕೆ ಕೈ ಹಾಕೋ ಹಾಗಿಲ್ಲ. ಕಾನೂನೇ ಹಾಗಿದೆ."

ವರ್ಲಿನ್ ಕಿಟಕಿಯಾಚೆ ನೋಡಿದ. "ಅಲ್ಲಿ ಬೇಲಿ ಹತ್ರ ಮೇಯ್ತಿರೋ ದನದ ಕಾಳಜಿ ಇದೆ ಸರ್ಕಾರಕ್ಕೆ, ನನ್ನದಿಲ್ಲ."

"ದನ ಸಹಿ ಹಾಕಲ್ವಲ್ಲ, ಸರ್."

ಅವನು ಪೆನ್ನಿನ ಮುಚ್ಚಳ ಹಾಕಿದ. "ನಡಿ ಡೋರೀನ್, ಮನೆಗೆ ಹೋಗೋಣ."

ಡೋರೀನ್ ಆಗಲೇ ಸಹಿ ಹಾಕಿಯಾಗಿತ್ತು.

"ಓದಿದ್ಯಾ ಅದನ್ನ?"

"ಇಲ್ಲ. ನಲವತ್ತು ವರ್ಷ ನಿನ್ನ ಪಕ್ಕ ನಿಂತು ಎಚ್ಚರಿಕೆ ಫಲಕ ಓದಿದ್ದೇ ಸಾಕು. ಕೌಂಟಿ ಮೇಳದಲ್ಲಿ ಒಂದು ಸಲನಾದ್ರೂ ಜೈಂಟ್ ವ್ಹೀಲ್ ಹತ್ತೋಕೆ ಬಿಟ್ಟಿದ್ಯಾ ನನ್ನ?"

"ಅದರ ಬೇರಿಂಗ್ ಸವೆದಿತ್ತು."

"ಪ್ರತಿ ವರ್ಷಾನೂ ಸವೆದಿತ್ತು." ಅವನ ಕೆನ್ನೆಗೊಂದು ಮುತ್ತಿಟ್ಟು, ಹಿಂತಿರುಗಿ ನೋಡದೆ ಅವಳು ಉಡಾವಣೆಯ ಬಾಗಿಲು ದಾಟಿದಳು.

ವರ್ಲಿನ್ ನೀಲಿ ದಿರಿಸು ಕಳಚುವುದೇ ತಡ, ತಫೋಯಾ ಅವನ ತಲೆಗೊಂದು ಹೆಲ್ಮೆಟ್ ಹಾಕಿ ವ್ಯಾನಿನ ಕಡೆ ಅವಸರಪಡಿಸಿದಳು. "ಬೇಗ ಬನ್ನಿ ಸರ್. ಸಾರ್ವಜನಿಕರು ಐದು ಮೈಲಿ ಒಳಗೆ ಇರೋ ಹಾಗಿಲ್ಲ."

"ಹತ್ತು ನಿಮಿಷದ ಹಿಂದೆ ಅದರೊಳಗೇ ಕೂರಿಸ್ತಿದ್ರಲ್ಲ ನನ್ನ."

"ಆಗ ನೀವು ಪ್ರಯಾಣಿಕರು. ಈಗ ನಿಮ್ಮ ಕೂದಲು ಕೊಂಕಿದ್ರೂ ಸರ್ಕಾರ ನಮ್ಮನ್ನ ಕೇಳುತ್ತೆ."

"ಮತ್ತೆ ಅವಳಿಗೆ ಏನಾದ್ರೂ ಆದ್ರೆ?"

ತಫೋಯಾ ವ್ಯಾನಿನ ಬಾಗಿಲು ತೆರೆದು ಹಿಡಿದಳು. "ಅವರು ಸಹಿ ಹಾಕಿದ್ದಾರೆ, ಸರ್."

ಐದು ಮೈಲಿ ಆಚೆಯ ದಿಬ್ಬದ ಮೇಲೆ ನಿಂತು ವರ್ಲಿನ್ ನೋಡಿದ. ಬೆಂಕಿಯ ಎಳೆಯೊಂದು ಮರುಭೂಮಿಯಿಂದ ಎದ್ದು, ತೆಳ್ಳಗಾಗುತ್ತಾ ಹೋಗಿ ಇಲ್ಲವಾಯಿತು. ಆಮೇಲೆ ಬರಿಯ ಆಕಾಶ. ಹನ್ನೊಂದು ನಿಮಿಷದ ಹೊತ್ತಿಗೆ, ಇಳಿದು ಬರುತ್ತಿದ್ದ ಪ್ರಯಾಣಿಕರ ಕ್ಯಾಬಿನ್ನಿನ ಮೇಲೆ ಮೂರು ಪ್ಯಾರಾಚೂಟುಗಳು ಬಿಚ್ಚಿಕೊಂಡವು. ತಾನು ಅಷ್ಟು ಹೊತ್ತೂ ತಫೋಯಾಳ ತೋಳು ಹಿಡಿದೇ ನಿಂತಿದ್ದೆನೆಂಬುದು ಅವನಿಗೆ ಆಗ ಗೊತ್ತಾಯಿತು.

ಡೋರೀನ್ ಜೀಪಿನಿಂದ ಇಳಿದಾಗ ಅವಳ ಬಿಳಿ ಕೂದಲೆಲ್ಲ ಕೆದರಿ ನಿಂತಿತ್ತು, ಕಣ್ಣುಗಳು ಒದ್ದೆಯಾಗಿದ್ದವು. ವರ್ಲಿನ್ ಅವಳ ಭುಜ, ಮೊಣಕೈ, ಮಣಿಕಟ್ಟು ಒಂದೊಂದನ್ನೂ ಮುಟ್ಟಿ ನೋಡಿದ. ಅವಳಿಗೆ ಹೇಳಬೇಕೆಂದುಕೊಂಡದ್ದು ಬೇಕಾದಷ್ಟಿತ್ತು. ಬಾಯಿಗೆ ಬಂದದ್ದು ಇಷ್ಟೇ:

"ಒಳಗೆ ಏನಾದ್ರೂ ಸಡಿಲ ಆಗಿತ್ತಾ?"

"ಆಗಿತ್ತು," ಎಂದಳು ಡೋರೀನ್. "ನಾನು."