ಗೋಡೆ ಎದ್ದ ಮೇಲೆ ಮಿಂಚಿಯ ಕೂದಲು ಉದುರಿತು...

ಗದಗಿನ ಒಂದು ಮನೆಯಲ್ಲಿ ಅಣ್ಣ ತಮ್ಮ ಬೇರೆಯಾದರು...

ಹೊಲ ಪಾಲಾಯಿತು, ಅಂಗಡಿ ಪಾಲಾಯಿತು. ದೇವರ ಮನೆಯ ಗಂಟೆ, ದೀಪದ ಸಮೆ ಕೂಡ ಪಾಲಾದವು.

ಪಾಲಾಗದೆ ಉಳಿದದ್ದು ಮಿಂಚಿ ಎಂಬ ಬೂದು ಬಣ್ಣದ ಬೆಕ್ಕು ಮಾತ್ರ.

ಪಡಸಾಲೆಯ ನಟ್ಟನಡುವೆ ಗೋಡೆ ಎದ್ದಿತು. ಅಡುಗೆಮನೆ ಅಣ್ಣ ಗುರುಪಾದಪ್ಪನ ಕಡೆ ಬಂತು. ಮಿಂಚಿ ಬಿಸಿಲು ಕಾಯುತ್ತಾ ಮಲಗುತ್ತಿದ್ದ ಕಿಟಕಿ ತಮ್ಮ ಮಹಾಂತೇಶನ ಕಡೆ ಹೋಯಿತು.

ಊಟ ಒಂದು ಕಡೆ, ನಿದ್ದೆ ಒಂದು ಕಡೆ... ಆಚೆ ಹೋಗಬೇಕೆಂದರೆ ನಾಯಿಗಳು ಓಡಾಡುವ ಬೀದಿ ಸುತ್ತಬೇಕು.

ಅಣ್ಣ ತಮ್ಮ ಒಬ್ಬರ ಮುಖ ಒಬ್ಬರು ನೋಡುವುದನ್ನೇ ಬಿಟ್ಟರು. ಗುರುಪಾದಪ್ಪನಂತೂ ತಮ್ಮನ ನಂಬರ್ ಬ್ಲಾಕ್ ಮಾಡಿಬಿಟ್ಟ.

ಕೆಲವು ವಾರ ಕಳೆದ ಮೇಲೆ ಗುರುಪಾದಪ್ಪನ ಹೆಂಡತಿ ನೀಲವ್ವ ಬೆಕ್ಕನ್ನು ಎತ್ತಿಕೊಂಡು ಬಂದಳು.

"ಇಲ್ಲಿ ನೋಡ್ರಿ... ಹೊಟ್ಟಿ ಮ್ಯಾಲ ಒಂದ ಕೂದಲಿಲ್ಲ!"

ಹೊಟ್ಟೆ, ಹಿಂದಿನ ತೊಡೆಯ ಒಳಭಾಗ ಎಲ್ಲ ಬೋಳಾಗಿತ್ತು. ಕೆಳಗೆ ಬಿಟ್ಟ ಕೂಡಲೇ ಮಿಂಚಿ ಮೂಲೆ ಸೇರಿ ಅಲ್ಲಿಯೇ ನೆಕ್ಕತೊಡಗಿತು... ಕರೆದರೂ ನಿಲ್ಲಿಸಲಿಲ್ಲ.

ಗುರುಪಾದಪ್ಪನ ಕಣ್ಣು ಗೋಡೆಯ ಕಡೆ ಹೋಯಿತು. "ಆ ಕಡ್ಯಾವ್ರು ಕುದಿಯೂ ನೀರ ಹಾಕ್ಯಾರ. ನನ್ ಮ್ಯಾಲಿನ ಸಿಟ್ಟು ಮೂಕ ಪ್ರಾಣಿ ಮ್ಯಾಲ ತೀರಿಸ್ಕೊಂಡಾರ!"

"ಹಂಗೆಲ್ಲ ಅನಬ್ಯಾಡ್ರಿ. ಚಿಗಟ ಆಗಿರಬೇಕು," ಎಂದಳು ನೀಲವ್ವ.

ಮರುದಿನ ಬೆಳಿಗ್ಗೆ ಅವನು ಮೆಡಿಕಲ್ ಶಾಪಿನಿಂದ ಚಿಗಟದ ಔಷಧ ತಂದು ಬೆಕ್ಕಿನ ಕುತ್ತಿಗೆಗೆ ಹಚ್ಚಿದ.

ಮಧ್ಯಾಹ್ನದ ಹೊತ್ತಿಗೆ ಮಿಂಚಿಯ ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಮೈಯೆಲ್ಲ ಗಡಗಡ ನಡುಗುತ್ತಿತ್ತು...

ಟವೆಲ್‌ನಲ್ಲಿ ಸುತ್ತಿಕೊಂಡು ಪಶುವೈದ್ಯೆ ಡಾಕ್ಟರ್ ರೇಣುಕಾ ಅವರ ಕ್ಲಿನಿಕ್‌ಗೆ ಓಡಿದ.

ಬಾಟಲಿ ನೋಡಿ ಡಾಕ್ಟರ್ ಗಾಬರಿಯಾದರು. "ಇದು ನಾಯಿಗೆ ಹಾಕೂದ್ರಿ! ಬೆಕ್ಕಿಗೆ ವಿಷ ಇದ್ದಂಗ."

ಬೆಕ್ಕಿನ ಕುತ್ತಿಗೆ ತೊಳೆಯುತ್ತಾ ಮತ್ತೆ ಕೇಳಿದರು, "ಇಷ್ಟ ಜಿಡ್ಡು ಒಂದ ಸಲ ಹಚ್ಚಿದ್ದಲ್ಲ. ಬ್ಯಾರೆ ಯಾರರ ಹಚ್ಚ್ಯಾರೇನು? ಏನ್ ಹಚ್ಚ್ಯಾರ ಅಂತ ನನಗ ಈಗ ಗೊತ್ತಾಗಬೇಕು. ಲಗೂ ಕೇಳ್ರಿ."

ಗುರುಪಾದಪ್ಪ ಫೋನ್ ತೆಗೆದ. ಬೆರಳು ಮುಂದೆ ಹೋಗಲಿಲ್ಲ...

ಟೇಬಲ್ ಮೇಲೆ ಮಿಂಚಿಯ ಕಾಲು ಒಮ್ಮೆ ಸೆಟೆದುಕೊಂಡಿತು.

ಬ್ಲಾಕ್ ತೆಗೆದು ಕಾಲ್ ಮಾಡಿದ. ಎರಡನೇ ರಿಂಗ್ ಆಗುವ ಮೊದಲೇ ಮಹಾಂತೇಶ ಎತ್ತಿದ.

"ಅಣ್ಣಾ! ಅರಾಮ ಅದಿಯಲಾ? ಏನಾತು? ವೈನಿ ಅರಾಮ ಅದಾರ?" ಎಂದು ಅತ್ತಿಗೆಯನ್ನೂ ವಿಚಾರಿಸಿದ.

ಜಗಳಕ್ಕೆ ತಯಾರಾಗಿದ್ದ ಗುರುಪಾದಪ್ಪ ಜಗಳ ಮರೆತ. "ಮಿಂಚಿ... ಡಾಕ್ಟರ್ ಕಡೆ ತಂದೇನಿ. ನೀ ಏನರ ಹಚ್ಚಿದ್ದೇನು?" ಎಂದ.

ಮಹಾಂತೇಶ ಅಂಗಡಿಯ ಶಟರ್ ಕೂಡ ಎಳೆಯದೆ ಕ್ಲಿನಿಕ್‌ಗೆ ಓಡಿ ಬಂದ. ಕೈಯಲ್ಲಿ ಅದೇ ಕಂಪನಿಯ, ಅದೇ ಬಾಟಲಿ!

"ನಿನ್ನೆ ಸಂಜಿಕ ನಾನೂ ಹಚ್ಚಿದ್ನಿ..." ಎಂದು ಗೋಡೆಗೆ ಒರಗಿದ. "ಅಣ್ಣಾ, ನೀವ ಏನರ ಬಿಸಿನೀರ ಚೆಲ್ಲೀರಿ ಅನ್ಕೊಂಡಿದ್ನೋ..."

ಗುರುಪಾದಪ್ಪ ತಲೆ ತಗ್ಗಿಸಿದ. "ನಾನೂ ನಿಮ್ಮನ್ನ ಹಂಗ ಅಂದ್ನೆಪಾ..."

ಇಬ್ಬರೂ ಒಂದೇ ಬೆಂಚಿನ ಮೇಲೆ ಸಂಜೆಯವರೆಗೆ ಕೂತರು. ಮಹಾಂತೇಶ ಆಗಾಗ ಕಣ್ಣೊರೆಸಿಕೊಳ್ಳುತ್ತಿದ್ದ.

ಮಿಂಚಿ ಉಳಿಯಿತು.

ಅದು ಚೇತರಿಸಿಕೊಂಡ ಮೇಲೆ ಡಾಕ್ಟರ್ ಚರ್ಮ, ಮೂತ್ರ ಎಲ್ಲ ಟೆಸ್ಟ್ ಮಾಡಿಸಿದರು. ಚಿಗಟ ಇಲ್ಲ, ಫಂಗಸ್ ಇಲ್ಲ, ಅಲರ್ಜಿ ಇಲ್ಲ. ಒಳಗೆ ಎಲ್ಲೂ ನೋವೂ ಇಲ್ಲ.

"ಕೂದಲು ಉದುರಿಲ್ರಿ, ತಾನ ನೆಕ್ಕಿ ನೆಕ್ಕಿ ಕಿತ್ಕೊಂಡೈತಿ. ಮನಸಿಗೆ ತ್ರಾಸಾದ್ರ ಬೆಕ್ಕು ಹಿಂಗ ಮಾಡ್ತಾವ. ಮನ್ಯಾಗ ಏನರ ಬದಲಾಗೇತೇನು?"

"ಪಡಸಾಲ್ಯಾಗ ಗ್ವಾಡಿ ಕಟ್ಟೇವ್ರಿ," ಎಂದ ಗುರುಪಾದಪ್ಪ.

ಡಾಕ್ಟರ್ ಬೈಯಲಿಲ್ಲ. ನೆಕ್ಕುವಾಗ ಗದರಿಸಬೇಡಿ, ಭಯ ಇನ್ನೂ ಹೆಚ್ಚಾಗುತ್ತದೆ ಎಂದರು. ಹೊತ್ತಿಗೆ ಸರಿಯಾಗಿ ಊಟ ಹಾಕಿ, ಅಡಗಿ ಕೂರಲು ಒಂದು ರಟ್ಟಿನ ಡಬ್ಬ ಇಡಿ, ದಿನಾ ಸ್ವಲ್ಪ ಹೊತ್ತು ದಾರ ಎಳೆದು ಆಟ ಆಡಿಸಿ ಎಂದರು. ಕೊನೆಗೆ, "ಅದರ ಕಿಟಕಿ ಅದಕ್ಕ ವಾಪಸ್ ಸಿಗೂಹಂಗ ಮಾಡ್ರಿ," ಎಂದು ನಕ್ಕರು.

ಪಾಲು ರದ್ದಾಗಲಿಲ್ಲ. ಆದರೆ ಆ ವಾರವೇ ಗೌಂಡಿ ಬಂದು ಗೋಡೆಯ ಬುಡದಲ್ಲಿ ಬೆಕ್ಕು ನುಸುಳುವಷ್ಟು ಕಿಂಡಿ ಕೊರೆದ.

ಕೂದಲು ಒಂದೇ ಸಲಕ್ಕೆ ಬರಲಿಲ್ಲ. ನಡುವೆ ಪಟಾಕಿ ಸದ್ದಿಗೆ ಬೆದರಿ ಮಿಂಚಿ ಮತ್ತೆ ನೆಕ್ಕಿಕೊಂಡಿತು. ಕೆಲವು ತಿಂಗಳಾದ ಮೇಲೆ ಹೊಟ್ಟೆಯ ಮೇಲೆ ಮೆತ್ತನೆಯ ಬೂದು ತುಪ್ಪಳ ಕಾಣಿಸಿತು.

ಒಂದೇ ಹೊತ್ತಿಗೆ ಎರಡೂ ಕಡೆ ಊಟ ಹಾಕಬಾರದಲ್ಲ... ಹಾಗಾಗಿ ದಿನಾ ಬೆಳಿಗ್ಗೆ ಮಹಾಂತೇಶ ಕಿಂಡಿಯ ಹತ್ತಿರ ಬಗ್ಗಿ ಕೇಳಲೇಬೇಕಾಯಿತು.

"ಅಣ್ಣಾ, ಮಿಂಚಿ ಉಂಡ್ಳೇನು?"

"ಉಂಡ್ಳು."

ಮೊದಮೊದಲು ಇಷ್ಟೇ ಮಾತು.

ಒಂದು ದಿನ "ಉಂಡ್ಳು" ಎಂದ ಮೇಲೂ ಆ ಕಡೆಯ ಹೆಜ್ಜೆ ಸರಿಯಲಿಲ್ಲ. ಮಹಾಂತೇಶನ ದನಿ ಮತ್ತೆ ಬಂತು...

"ನಿಂದು ಊಟ ಆತೇನಣ್ಣಾ?"

ಗುರುಪಾದಪ್ಪ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ. ಕಣ್ಣು ತುಂಬಿ ಬಂತು...

"ಇನ್ನೂ ಇಲ್ಲೋ. ನಿಮ್ ವೈನಿ ರೊಟ್ಟಿ ಬಡಿಯಾಕತ್ತಾಳ... ಈ ಕಡೆ ಬಾ."

ಬಾಗಿಲು ತೆರೆಯಲು ಅವನೇ ಎದ್ದು ಹೋದ.

ಮಾತು ನಿಂತ ಮನೆಯಲ್ಲಿ ಹೆಚ್ಚು ನೋಯುವುದು, ಜಗಳವನ್ನೇ ಆಡದ ಜೀವ.

ನಿಮ್ಮ ಮನೆಯಲ್ಲೂ ಹೀಗೆ ಮೂಲೆಯಲ್ಲಿ ಕೂತು ಸುಮ್ಮನೆ ನೋಯುತ್ತಿರುವವರು ಯಾರಾದರೂ ಇದ್ದಾರೆಯೇ... ಇವತ್ತು ಒಮ್ಮೆ ನೋಡುತ್ತೀರಾ?