ಚಿಟಿಕೆ ಬೆಳ್ಳಿ

ತಾಯಿಯ ಕೈನಡುಕಕ್ಕೆ ಹೊಸ ಔಷಧಿಯ ಪ್ರಯೋಗ ನಡೆಯಲಿದೆ ಎಂದು ಕರೆ ಬಂದಾಗ ವಾರಿಜಾ ಅರ್ಧ ಒಪ್ಪಿಕೊಂಡೇ ಆಸ್ಪತ್ರೆಗೆ ಹೋಗಿದ್ದಳು. ತಾಯಿ ಲೋಟ ಎತ್ತಿ ತುಟಿಗೆ ತರುವಷ್ಟರಲ್ಲಿ ಕಾಫಿಯೆಲ್ಲ ಸೀರೆಯ ಮೇಲಿರುತ್ತಿತ್ತು; ಇನ್ನು ಯೋಚಿಸುವುದೇನಿತ್ತು? ಉಳಿದರ್ಧ ಒಪ್ಪಿಸುವ ಕೆಲಸ ದೊಡ್ಡ ಡಾಕ್ಟರದು. ಅವರ ಡಿಗ್ರಿಗಳು ಬಾಗಿಲಿನ ಫಲಕದಲ್ಲಿ ಹಿಡಿಸದೆ ಗೋಡೆಗೂ ಹಬ್ಬಿದ್ದವು.

“ಬೆಳ್ಳಿಯ ಕಣಗಳಮ್ಮ, ಕಣ್ಣಿಗೆ ಕಾಣದಷ್ಟು ಸಣ್ಣವು. ಔಷಧಿ ಹೊತ್ಕೊಂಡು ನೆಟ್ಟಗೆ ಮೆದುಳಿಗೇ ಹೋಗ್ತವೆ,” ಎಂದರು.

“ಹೋದ ಬೆಳ್ಳಿ ಆಮೇಲೆ ಹೊರಗೆ ಬರುತ್ತಾ ಸಾರ್?”

“ಇಲಿಗಳಲ್ಲಿ ಬಂದಿದೆ.”

“ಆ ಇಲಿಗಳು ಈಗ ಹುಷಾರಾಗಿವೆಯಾ?”

“ಅವನ್ನ ಕೊಯ್ದು ತಾನೇ ನೋಡಿದ್ದು?” ಡಾಕ್ಟರು ಸಹನೆಯಿಂದ ನಕ್ಕರು. “ಬೆಳ್ಳಿ ಅಂದ್ರೆ ಯಾಕಿಷ್ಟು ಹೆದರ್ತೀರಿ? ನಮ್ಮ ಹಿರಿಯರು ಬೆಳ್ಳಿ ತಟ್ಟೇಲೇ ಉಂಡವರು. ನಮ್ಮಮ್ಮಂಗೇ ಈ ಕಾಯಿಲೆ ಬಂದಿದ್ರೂ ಕಣ್ಮುಚ್ಚಿಕೊಂಡು ಕೊಡ್ತಿದ್ದೆ.”

ತಾಯಿಯ ಪರವಾಗಿ ಸಹಿ ಹಾಕಲು ವಾರಿಜಾ ಪೆನ್ನು ತೆಗೆದುಕೊಂಡಳು. ಅಷ್ಟರಲ್ಲಿ ನರ್ಸ್ ಒಂದು ತಟ್ಟೆ ಕಾಜು ಬರ್ಫಿ ತಂದಿಟ್ಟಳು. ಪ್ರಯೋಗಕ್ಕೆ ಅನುಮತಿ ಸಿಕ್ಕ ಖುಷಿಗಂತೆ. ಡಾಕ್ಟರು ಒಂದನ್ನು ಎತ್ತಿಕೊಂಡು, ಅದರ ಮೇಲೆ ಮಿನುಗುತ್ತಿದ್ದ ತೆಳು ಬೆಳ್ಳಿ ಹಾಳೆಯನ್ನು ಉಗುರಿನಿಂದ ಚೂರೂ ಬಿಡದೆ ಕೆರೆದರು. ಬೆರಳನ್ನು ಟಿಶ್ಯೂಗೆ ಒರೆಸಿಕೊಂಡರು.

“ನೀವೂ ತೆಗೆದೇ ತಿನ್ನಿಯಮ್ಮ,” ಎಂದರು ಕಾಳಜಿಯಿಂದ. “ಲೋಹ ನೋಡಿ, ಒಳಗೆ ಹೋದ್ರೆ ಏನು ಮಾಡುತ್ತೋ ಯಾರಿಗೆ ಗೊತ್ತು.”