ಅಮ್ಮನ ಬದಲು ನಾನು ಕೊಟ್ಟ ಉತ್ತರ

ದಪ್ಪ ಮಾರ್ಕರ್ ಪೆನ್ನಿನ ಘಾಟು ಮೂಗಿಗೆ ಬಡಿದರೆ ಇಂದಿಗೂ ಅಮೆರಿಕದ ನಮ್ಮೂರು ಇಸ್ಸಾಕ್ವಾದ ಲೈಬ್ರರಿಯ ಆ ಮಧ್ಯಾಹ್ನ ನೆನಪಾಗಿ ಮೈ ಹಿಡಿಯಾಗುತ್ತದೆ. ನಾನಾಗ ನಾಲ್ಕನೇ ಕ್ಲಾಸು. ಅಲ್ಲಿನ ಹೆಸರಾಂತ ಕಾದಂಬರಿಗಾರ್ತಿಯೊಬ್ಬರು ಬಂದಿದ್ದರು. "ಮಕ್ಕಳನ್ನು ಸ್ಕೂಲಿಗೆ ಕಳಿಸಿ ಅಡುಗೆಮನೆಯ ಮೇಜಿನ ಮೇಲೆ ಬರೆಯುತ್ತಿದ್ದೆ, ಮೊದಲ ಪುಸ್ತಕ ಬರುವಷ್ಟರಲ್ಲಿ ಕೂದಲು ನರೆತಿತ್ತು" ಎಂದು ಅವರು ಹೇಳಿದಾಗ ಅಮ್ಮ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಮದುವೆಗೆ ಮೊದಲು ಮೈಸೂರಿನಲ್ಲಿ ಅಮ್ಮನ ಕಥೆಗಳು ವಾರಪತ್ರಿಕೆಯಲ್ಲಿ ಅಚ್ಚಾಗಿದ್ದವು. ಇಲ್ಲಿಗೆ ಬಂದ ಮೇಲೂ ಭಾನುವಾರಗಳಂದು ವಾಷಿಂಗ್ ಮೆಷಿನ್ ಪಕ್ಕ ಕೂತು ಬರೆಯುತ್ತಿದ್ದಳು.

ಅಮ್ಮ ಕೊಂಡ ಪುಸ್ತಕಕ್ಕೆ ದಪ್ಪ ಮಾರ್ಕರಿನಲ್ಲಿ ಸಹಿ ಹಾಕುತ್ತಾ ಲೇಖಕಿ ತಲೆಯೆತ್ತಿ, "ನೀವೂ ಬರೀತೀರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಉತ್ತರಕ್ಕೆ ಪದ ಹುಡುಕುತ್ತಾ ಅಮ್ಮ ತುಟಿ ತೆರೆದಳು. ಹಿಂದೆ ಸಾಲಿನಲ್ಲಿ ನನ್ನ ಕ್ಲಾಸಿನ ಹುಡುಗಿಯರಿದ್ದರು. ಅಮ್ಮನ ಇಂಗ್ಲಿಷ್ ಕೇಳಿ ನಕ್ಕಾರೆಂದು, "ಇಲ್ಲ, ಅಮ್ಮ ಬರೀ ಓದ್ತಾಳೆ" ಎಂದು ನಾನೇ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ಅಮ್ಮ ನಕ್ಕು, ತಲೆಯಾಡಿಸಿ, ಪುಸ್ತಕ ತೆಗೆದುಕೊಂಡಳು.

ಕಾರಿನಲ್ಲಿ ಅಪ್ಪ ಕಾಯುತ್ತಿದ್ದರು. "ಮಾತಾಡಿಸಿದ್ರಾ ಅವರು?"

"ಹೂಂ. ನೀವೂ ಬರೀತೀರಾ ಅಂತ ಕೇಳಿದ್ರು."

"ನೀನೇನಂದೆ?"

ಅಮ್ಮ ಸೀಟ್ ಬೆಲ್ಟ್ ಎಳೆದುಕೊಂಡಳು. "ಮಗಳು ಹೇಳಿದ್ಳು."